ಒಂದೇ ಮಿಶನ್, ಎರಡು ಕರಾವಳಿ: ಫಳ್ನೀರಿನಿಂದ ಘಾನಾದ ಕಡೆಗೆ

ಫಳ್ನೀರ್ ರಸ್ತೆಗೆ ಮದರ್ ತೆರೇಸಾ ರಸ್ತೆ ಎಂದು ಹೆಸರಿಟ್ಟು ವರ್ಷಗಳಾದರೂ ರಿಕ್ಷಾದವರೊಡನೆ ಇವತ್ತಿಗೂ ಹೇಳಬೇಕಾದದ್ದು ಫಳ್ನೀರ್ ಎಂದೇ. ಆಸ್ಪತ್ರೆ, ಹೋಟೆಲು, ವಸತಿ ಸಮುಚ್ಚಯಗಳ ನಡುವೆ ಅಲ್ಲೊಂದು ಇಲ್ಲೊಂದು ಹಂಚಿನ ಮಾಡಿನ ಹಳೆಯ ಬಂಗಲೆ ಉಳಿದುಕೊಂಡಿದೆ. ಇಲ್ಲಿಂದ ಒಂದು ದಿಕ್ಕಿಗೆ ಏರಿದರೆ ಬಲ್ಮಠ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರಡಿಸಿದ ಬಾಸೆಲ್ ಮಿಶನ್ನಿನ ನೆಲೆ ಅದು. ಇನ್ನೊಂದು ದಿಕ್ಕಿಗೆ ಇಳಿದರೆ ಮೋರ್ಗನ್ಸ್ ಗೇಟ್, ಜೆಪ್ಪು, ನೇತ್ರಾವತಿ. ಅದೇ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಆ ಕಡೆ. ಫಳ್ನೀರಿನ ಮಾಡುಗಳಿಗೆ ಏರಿದ್ದು ಆಮೇಲೆ ಊರಿನ ಹೆಸರಿನಲ್ಲೇ ಜಗತ್ತು ಸುತ್ತಿದ ಮಂಗಳೂರು ಹಂಚು.

ಇಷ್ಟು ನಮಗೆ ಗೊತ್ತಿರುವ ಕಥೆ. ಪತ್ರಿಕೆಯ ಮೊಗ್ಲಿಂಗ್, ನಿಘಂಟಿನ ಕಿಟ್ಟೆಲ್, ಹಂಚಿನ ಪ್ಲೆಬ್ಸ್ಟ್ ಎಂದು ನಾವು ನೆನೆಯುವಾಗ ನಮ್ಮ ಕಣ್ಣೆದುರು ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಮಂಗಳೂರಿಗೆ ಎಳೆದ ಒಂದೇ ಗೆರೆ. ಆದರೆ ಮಂಗಳೂರಿಗೆ ಬರುವ ಆರು ವರ್ಷ ಮೊದಲೇ, 1828ರಲ್ಲಿ, ಇದೇ ಮಿಶನ್ ಪಶ್ಚಿಮ ಆಫ್ರಿಕದ ಇನ್ನೊಂದು ಕರಾವಳಿಗೆ ಇಳಿದಿತ್ತು. ಆಗ ಅದಕ್ಕೆ ಚಿನ್ನದ ಕರಾವಳಿ, ಗೋಲ್ಡ್ ಕೋಸ್ಟ್ ಎಂಬ ಹೆಸರು. 1957ರಿಂದ ಅದು ಘಾನಾ. ಒಂದೇ ಸಂಸ್ಥೆ, ಒಂದೇ ತರಬೇತಿ, ಒಂದೇ ನಿಯಮಾವಳಿ, ಹೆಚ್ಚುಕಡಿಮೆ ಒಂದೇ ಕಾಲ. ಫಲ ಮಾತ್ರ ಎರಡು ಕಡೆ ಬೇರೆಬೇರೆ. ಯಾಕೆ ಬೇರೆಯಾಯಿತು ಎಂದು ಕೇಳಿಕೊಂಡರೆ ಘಾನಾದ ಜನರ ಬಗ್ಗೆಯೂ ತಿಳಿಯುತ್ತದೆ, ತುಳುನಾಡಿನ ಬಗ್ಗೆಯೂ ತಿಳಿಯುತ್ತದೆ. ಸಂಶೋಧಕ ಶ್ರೀನಿವಾಸ ಹಾವನೂರರಂಥವರು ಮಿಶನರಿಗಳ ಕನ್ನಡ ಕೆಲಸವನ್ನು ಅಗೆದು ತೆಗೆದಿದ್ದಾರೆ. ಆ ಕೆಲಸವನ್ನು ಆಫ್ರಿಕದ ಕೆಲಸದ ಪಕ್ಕದಲ್ಲಿಟ್ಟು ನೋಡಿದ ಬರಹ ನನ್ನ ಓದಿನ ಮಟ್ಟಿಗೆ ಕನ್ನಡದಲ್ಲಿ ಸಿಕ್ಕಿಲ್ಲ.

ಮಿಶನ್ ಕಾಲಿಡುವ ಹೊತ್ತಿಗೆ ಚಿನ್ನದ ಕರಾವಳಿ ಯುರೋಪನ್ನು ಮುನ್ನೂರೈವತ್ತು ವರ್ಷ ಕಂಡಿತ್ತು. ಪೋರ್ಚುಗೀಸರು ಅಲ್ಲಿನ ಎಲ್ಮಿನಾದಲ್ಲಿ ಕೋಟೆ ಕಟ್ಟಿದ್ದು 1482ರಲ್ಲಿ. ಅಂದರೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಹದಿನಾರು ವರ್ಷ ಮೊದಲು. ಅವರು ಮೊದಲು ಬಂದದ್ದು ಚಿನ್ನಕ್ಕೆ. ಆಮೇಲೆ ಮನುಷ್ಯರನ್ನೇ ಸರಕು ಮಾಡಿ ಅಟ್ಲಾಂಟಿಕ್ ದಾಟಿಸುವ ವ್ಯಾಪಾರ ಶುರುವಾಯಿತು. ಡಚ್ಚರು, ಇಂಗ್ಲಿಷರು, ಡೇನರು ಒಬ್ಬರ ಹಿಂದೊಬ್ಬರು ಬಂದು ತೀರದುದ್ದಕ್ಕೂ ಕೋಟೆ ಕಟ್ಟಿದರು. ಎಲ್ಮಿನಾ, ಕೇಪ್ ಕೋಸ್ಟ್ ಕೋಟೆಗಳ ನೆಲಮಾಳಿಗೆಗಳಲ್ಲಿ ಗುಲಾಮರನ್ನು ಕೂಡಿಹಾಕುತ್ತಿದ್ದ ಕತ್ತಲೆಕೋಣೆಗಳು ಇನ್ನೂ ಹಾಗೆಯೇ ಇವೆ. ಈ ವ್ಯಾಪಾರದಲ್ಲಿ ನಮ್ಮ ಸಮುದ್ರಕ್ಕೂ ಪಾಲಿತ್ತು. ಪಶ್ಚಿಮ ಆಫ್ರಿಕದಲ್ಲಿ ನಾಣ್ಯವಾಗಿ ಚಲಾವಣೆಯಾಗುತ್ತಿದ್ದ ಕವಡೆ ಹೆಚ್ಚಾಗಿ ಮಾಲ್ಡೀವ್ಸ್‌ನದು. ಗುಲಾಮರಿಗೆ ಬದಲಾಗಿ ಕೊಡುತ್ತಿದ್ದ ಬಟ್ಟೆಯಲ್ಲಿ ಭಾರತದ ಮಗ್ಗದ ಬಟ್ಟೆಯೂ ಸೇರಿತ್ತು.

1828ರಲ್ಲಿ ಬಾಸೆಲಿನಿಂದ ಹೋದ ನಾಲ್ವರು ಇಳಿದದ್ದು ಡೇನರ ಕ್ರಿಸ್ಟಿಯಾನ್ಸ್‌ಬೋರ್ಗ್ ಕೋಟೆಯ ನೆರಳಿನಲ್ಲಿ. ಇಂದಿನ ಅಕ್ರಾ ನಗರದ ಒಸು ಅದು. ವರ್ಷ ತುಂಬುವುದರೊಳಗೆ ಮೂವರು ಜ್ವರದಿಂದ ಸತ್ತರು. ನಾಲ್ಕನೆಯವನು 1831ರಲ್ಲಿ ಸತ್ತ. 1832ರಲ್ಲಿ ಮತ್ತೆ ಮೂವರು ಹೋದರು, ಅವರಲ್ಲೊಬ್ಬ ವೈದ್ಯ. ಕೆಲವೇ ವಾರಗಳಲ್ಲಿ ಮೊದಲು ಸತ್ತವನೇ ಆ ವೈದ್ಯ. ಕೊನೆಗೆ ಉಳಿದದ್ದು ಆಂಡ್ರಿಯಾಸ್ ರೀಸ್ ಒಬ್ಬ. ಅವನನ್ನು ಉಳಿಸಿದ್ದು ಅಲ್ಲಿನ ನಾಟಿವೈದ್ಯನ ಮದ್ದು. ರೀಸ್ 1835ರಲ್ಲಿ ತೀರ ಬಿಟ್ಟು ಒಳನಾಡಿನ ಗುಡ್ಡದ ಊರು ಅಕ್ರೊಪೊಂಗಿಗೆ ಹೋದ. ಅಲ್ಲಿ ತಾನೇ ಮನೆ ಕಟ್ಟಿಕೊಂಡದ್ದನ್ನು ಕಂಡ ಜನ ಅವನನ್ನು ‘ಮನೆ ಕಟ್ಟುವವನು’ ಎಂದೇ ಕರೆದರು. ಇಷ್ಟೆಲ್ಲ ಆದರೂ ಮೊದಲ ಹತ್ತು–ಹನ್ನೆರಡು ವರ್ಷಗಳಲ್ಲಿ ಮತಾಂತರ ಎಂಬುದು ಇಲ್ಲವೆನ್ನುವಷ್ಟೇ. 1843ರಲ್ಲಿ ಮಿಶನ್ ಜಮೈಕದಿಂದ ಕ್ರೈಸ್ತ ಕುಟುಂಬಗಳನ್ನು, ಅಂದರೆ ಗುಲಾಮಗಿರಿಯಿಂದ ಬಿಡುಗಡೆಗೊಂಡ ಕರಿಯರ ಕುಟುಂಬಗಳನ್ನು, ಅಕ್ರೊಪೊಂಗಿಗೆ ಕರೆತಂದ ಮೇಲೆ ಅಲ್ಲಿ ಬೇರು ಹಿಡಿಯಿತು. ಕ್ರೈಸ್ತ ಧರ್ಮ ಬರಿಯ ಬಿಳಿಯರ ಧರ್ಮವಲ್ಲ ಎಂಬುದನ್ನು ಉಪದೇಶಕ್ಕಿಂತ ಆ ಕುಟುಂಬಗಳ ಬದುಕೇ ಚೆನ್ನಾಗಿ ತೋರಿಸಿತು. ಮಾವು, ಕೋಕೊಯಾಮ್ ಗೆಡ್ಡೆ ಮೊದಲಾದ ಬೆಳೆಗಳನ್ನು ಅವರು ಜೊತೆಗೆ ತಂದರೆನ್ನುತ್ತಾರೆ.

ಮಂಗಳೂರಿನ ಆರಂಭ ಇದರ ಎದುರು ತೀರಾ ಸಲೀಸು. 1833ರ ಚಾರ್ಟರ್ ಕಾಯಿದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷದ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಂದರು, ಬದುಕಿಯೂ ಉಳಿದರು. ಇಲ್ಲಿ ಅವರನ್ನು ತಡೆದದ್ದು ಜ್ವರವಲ್ಲ, ಜಾತಿ. ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ತಲ್ಲಣಿಸಿತು. ಅವನಂಥವರು ಬೆರಳೆಣಿಕೆಯವರು. ದೊಡ್ಡ ಸಂಖ್ಯೆಯಲ್ಲಿ ಬಂದವರು ಬಿಲ್ಲವರು. ಮಿಶನ್ನಿಗೆ ಸೇರಿದ ಕೂಡಲೇ ಕುಲದ ಕಸುಬಾದ ಶೇಂದಿ ಮೂರ್ತೆ ಬಿಡಬೇಕು. ಗೇಣಿಗೆ ಕೊಟ್ಟ ಧಣಿ ನೆಲ ಬಿಡಿಸುತ್ತಾನೆ. ಕುಟುಂಬದ ಆಸ್ತಿಯ ಕಡೆ ಮುಖ ಹಾಕುವಂತಿಲ್ಲ. ಹೊಟ್ಟೆಗೆ ಏನು? ಈ ಪ್ರಶ್ನೆಗೆ ಮಿಶನ್ ಕೊಟ್ಟ ಉತ್ತರವೇ ಕಾರ್ಖಾನೆ. 1851ರಲ್ಲಿ ಹಾಲರ್ ನೇಯ್ಗೆ ಶುರುಮಾಡಿದ. ಖಾಕಿ ಬಣ್ಣದ ಬಟ್ಟೆ ಹೆಸರು ಮಾಡಿದ್ದು ಅವನ ಕಾಲದಲ್ಲಿ. ಆಮೇಲೆ ಹಂಚು ಬಂತು. ಮಂಗಳೂರಿನ ಕೈಗಾರಿಕೆಯ ಮೂಲವನ್ನು ಮಿಶನರಿಗಳ ದೂರದೃಷ್ಟಿಗೆ ಕಟ್ಟುವುದು ನಮ್ಮ ರೂಢಿ. ಆ ದೂರದೃಷ್ಟಿಯನ್ನು ಅವರ ಮೇಲೆ ಹೇರಿದ್ದು ಇಲ್ಲಿನ ಜಾತಿವ್ಯವಸ್ಥೆ ಎನ್ನುವುದು ಹೆಚ್ಚು ಸರಿ. ಅದೇ ಮಿಶನ್ ಘಾನಾದಲ್ಲೂ ಬಡಗಿ, ಕಮ್ಮಾರ ಕೆಲಸಗಳ ಶಾಲೆ ನಡೆಸಿತು. ಆದರೆ ನೂರಾರು ಕೂಲಿಗಳ ಕಾರ್ಖಾನೆ ಹಾಕುವ ಅಗತ್ಯ ಅಲ್ಲಿ ಬೀಳಲಿಲ್ಲ. ಅಲ್ಲಿ ಕ್ರೈಸ್ತನಾದವನಿಗೂ ತನ್ನ ಕುಲದ ನೆಲದ ಮೇಲೆ ಹಕ್ಕಿತ್ತು.

ಆ ಕುಲದ ವಿಚಾರ ತುಳುನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಘಾನಾದ ಅತಿದೊಡ್ಡ ಜನವರ್ಗ ಆಕಾನ್. ಅಸಾಂಟೆ, ಫಾಂಟೆ, ಅಕುವಾಪೆಮ್ ಎಲ್ಲ ಅದರೊಳಗಿನವರು. ಅವರದು ಅಳಿಯಸಂತಾನ. ಮಗು ತಾಯಿಯ ಕುಲಕ್ಕೆ ಸೇರಿದ್ದು. ಆ ಕುಲಕ್ಕೆ ಅವರು ಅಬುಸುವಾ ಎನ್ನುತ್ತಾರೆ, ತುಳುವರಲ್ಲಿ ‘ಬರಿ’ ಇದ್ದ ಹಾಗೆ. ಗಂಡಸಿನ ಆಸ್ತಿ, ಪಟ್ಟ ಹೋಗುವುದು ಅಕ್ಕತಂಗಿಯರ ಮಕ್ಕಳಿಗೆ. ಅರಸನಾಗಬೇಕಾದವನ ಹೆಸರನ್ನು ಮುಂದಿಡುವ ಅಧಿಕಾರ ರಾಜಮಾತೆಯದು. ರಾಜಮಾತೆಯ ಬಲ ತಿಳಿಯಲು ಒಂದು ಘಟನೆ ಸಾಕು. 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ಅಸಾಂಟೆ ರಾಜಧಾನಿ ಕುಮಾಸಿಗೆ ಬಂದು, ಅಸಾಂಟೆಗಳ ಚಿನ್ನದ ಪೀಠ ತಂದುಕೊಡಿ, ನಾನು ಕೂರಬೇಕು ಎಂದ. ಆ ಪೀಠ 1701ರ ಸುಮಾರಿಗೆ ಅಸಾಂಟೆ ರಾಜ್ಯವನ್ನು ಕಟ್ಟಿದ ಒಸೇ ಟೂಟು ಮತ್ತು ಅವನ ಪುರೋಹಿತ ಒಕೊಂಫೊ ಅನೊಚೆಯ ಕಾಲದ್ದು. ಇಡೀ ಜನಾಂಗದ ಆತ್ಮ ಅದರಲ್ಲಿದೆ ಎಂಬ ನಂಬಿಕೆಯಿಂದ ಅರಸನೂ ಅದರ ಮೇಲೆ ಕೂರುವುದಿಲ್ಲ. ಗುತ್ತಿನ ಮನೆಯಲ್ಲಿ ದೈವಕ್ಕೆಂದು ಇಟ್ಟ ಮಂಚದ ಮೇಲೆ ಯಜಮಾನನೂ ಕೂರದಿರುವುದನ್ನು ಕಂಡವರಿಗೆ ಹಾಡ್ಜ್‌ಸನ್ ಆಡಿದ ಮಾತಿನ ತೂಕ ಗೊತ್ತಾಗುತ್ತದೆ. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ದಂಡು ಕಟ್ಟಿಕೊಂಡು ಕುಮಾಸಿಯ ಬ್ರಿಟಿಷ್ ಕೋಟೆಗೆ ಮುತ್ತಿಗೆ ಹಾಕಿದಳು. ಸೋತು ಸೆಶೆಲ್ಸ್ ದ್ವೀಪಕ್ಕೆ ಗಡೀಪಾರಾಗಿ 1921ರಲ್ಲಿ ಅಲ್ಲೇ ಸತ್ತಳು. ಚಿನ್ನದ ಪೀಠ ಮಾತ್ರ ಬ್ರಿಟಿಷರ ಕೈಗೆ ಕೊನೆಗೂ ಸಿಗಲಿಲ್ಲ. ನೇತ್ರಾವತಿಯ ಆಚೆ ದಡದ ಉಳ್ಳಾಲದಲ್ಲಿ ಚೌಟರ ಅಬ್ಬಕ್ಕನಿಗೆ ಪಟ್ಟ ಬಂದದ್ದೂ ಇದೇ ಅಳಿಯಸಂತಾನದ ಕಟ್ಟಳೆಯಿಂದ; ಅವಳು ಕಾದಾಡಿದ್ದು ಎಲ್ಮಿನಾ ಕಟ್ಟಿದ ಅದೇ ಪೋರ್ಚುಗೀಸರೊಡನೆ.

ತಂದೆಯಿಂದ ಮಗನಿಗೆ ಹೋಗುವುದೇ ದೇವರು ಮಾಡಿದ ಕ್ರಮ ಎಂದು ನಂಬಿದ್ದ ಮಿಶನರಿಗಳಿಗೆ ಎರಡು ಕಡೆಯೂ ಈ ಪದ್ಧತಿ ಒಗ್ಗಲಿಲ್ಲ. ಆದರೆ ಅವರ ಒಲ್ಲದಿಕೆಗಿಂತ ಕಾಯಿದೆಯ ಕೈ ದೊಡ್ಡದು. ನಮ್ಮಲ್ಲಿ 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯನ್ನು ಪಾಲು ಮಾಡುವ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಉಳಿದದ್ದನ್ನು ಮುಗಿಸಿತು. ಘಾನಾದಲ್ಲಿ ಉಯಿಲು ಬರೆಯದೆ ಸತ್ತವನ ಹೆಂಡತಿ ಮಕ್ಕಳಿಗೆ ದೊಡ್ಡ ಪಾಲು ಸಿಗುವಂತೆ ಕಾನೂನು ಬಂದದ್ದು 1985ರಲ್ಲಿ. ಪಟ್ಟ, ಗೌರವ, ಉತ್ತರಕ್ರಿಯೆಯ ಜವಾಬ್ದಾರಿ ಮಾತ್ರ ಅಲ್ಲಿ ಇನ್ನೂ ತಾಯಿಯ ಕಡೆಯದೇ. ಇಲ್ಲಿ ಅದು ನೇಮ, ತಂಬಿಲಗಳಿಗೆ ಸೀಮಿತವಾಗಿದೆ.

ಇನ್ನೊಂದು ಹೋಲಿಕೆ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ, ಯಾಕೆಂದರೆ ಅದು ಹೋಲುತ್ತ ಹೋಲುತ್ತ ಹೋಲದೆ ನಿಲ್ಲುತ್ತದೆ. ಆಕಾನ್ ಜನ ಮಗುವಿಗೆ ಹುಟ್ಟಿದ ವಾರದ ಹೆಸರಿಡುತ್ತಾರೆ. ಕ್ವಾಸಿ ಭಾನುವಾರದವನು, ಕ್ವಾಬೆನಾ ಮಂಗಳವಾರದವನು, ಕೋಫಿ ಶುಕ್ರವಾರದವನು, ಕ್ವಾಮೆ ಶನಿವಾರದವನು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್, ದೇಶದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ, ರಾಜಮಾತೆ ಯಾ (ಗುರುವಾರದವಳು), ಎಲ್ಲರದ್ದೂ ಅಂಥ ಹೆಸರೇ. ಅಜ್ಜಿಕತೆಗಳ ಠಕ್ಕ ಜೇಡ ಅನಾನ್ಸೆಗೂ ಬುಧವಾರದ ಕ್ವಾಕು ಎಂಬ ಹೆಸರಿದೆ. ತುಳುನಾಡಿನಲ್ಲಿ ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ ಎಂದು ಇದೇ ಲೆಕ್ಕದಲ್ಲಿ ಹೆಸರಿದ್ದವು. ಅವು ಯಾರ ಹೆಸರು? ಧಣಿಯ ಗದ್ದೆಯಲ್ಲಿ ದುಡಿದ ದಲಿತರ, ಕೊರಗರ ಹೆಸರು. ಅರಸನಿಂದ ಬೆಸ್ತನವರೆಗೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಪದ್ಧತಿ ಅಲ್ಲಿ. ಕೇಳಿದ ಕೂಡಲೇ ಜಾತಿ ಪತ್ತೆಮಾಡಲು ಸಿಕ್ಕುವ ಗುರುತು ಇಲ್ಲಿ. ಈಗ ಊರೂರಲ್ಲಿ ಎಲ್ಲ ಜಾತಿಯವರೂ ಕೈಮುಗಿಯುವ ಕೊರಗಜ್ಜನ ಹೆಸರು ಕೊರಗ ತನಿಯ ಎಂದು. ದೈವದ ಹೆಸರು ಎಲ್ಲರಿಗೂ ಬೇಕು, ಮಗುವಿಗೆ ಆ ಹೆಸರಿಡುವ ಮನೆ ಎಷ್ಟಿದೆ? ಅಸಾಂಟೆ ರಾಜ್ಯದಲ್ಲೂ ಗುಲಾಮರಿದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಗುಲಾಮರ ಮಕ್ಕಳು ಮೊಮ್ಮಕ್ಕಳು ಒಡೆಯನ ಕುಲದೊಳಗೆ ಮೆಲ್ಲಮೆಲ್ಲನೆ ಕರಗುವ ದಾರಿ ಅಲ್ಲಿತ್ತು. ಜಾತಿಯೊಳಗೆ ಹಾಗೆ ಕರಗುವ ದಾರಿ ನಮ್ಮಲ್ಲಿ ಇರಲಿಲ್ಲ.

ಆಟಿಯ ಮಳೆಯಲ್ಲಿ ಹೊರಗೆಳೆಯುವ ಚೆನ್ನೆಮಣೆಯ ನೆಂಟಸ್ತಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮದು ಹದಿನಾಲ್ಕು ಗುಳಿ, ಘಾನಾದ ಒವಾರೆಗೆ ಹನ್ನೆರಡು. ಗುಳಿಗೆ ನಾಲ್ಕು ಕಾಯಿ ಇಟ್ಟು ಶುರುಮಾಡುವುದು ಎರಡರಲ್ಲೂ ಉಂಟು. ಸಿರಿ ಪಾಡ್ದನದ ಅಬ್ಬಗ ದಾರಗರು ಮಣೆ ಹಿಡಿದು ಜಗಳಾಡಿದ್ದನ್ನು ಕೇಳಿದರೆ ಘಾನಾದವರಿಗೆ ಆಟದ ಬಗ್ಗೆ ಏನನ್ನೂ ವಿವರಿಸಬೇಕಾಗದು.

ಭಾಷೆಯ ಕೆಲಸಕ್ಕೆ ಬಂದರೆ ಎರಡು ಕರಾವಳಿಗಳೂ ಅಕ್ಕಪಕ್ಕ ನಡೆದಿವೆ. ಇಲ್ಲಿ ಕಿಟ್ಟೆಲ್, ಅಲ್ಲಿ ಕ್ರಿಸ್ಟಾಲರ್. ಯೋಹಾನ್ ಗಾಟ್ಲೀಬ್ ಕ್ರಿಸ್ಟಾಲರ್ 1871ರಲ್ಲಿ ಆಕಾನ್ ಜನರ ಟ್ವಿ ಭಾಷೆಯ ಪೂರ್ಣ ಬೈಬಲ್, 1875ರಲ್ಲಿ ವ್ಯಾಕರಣ, 1879ರಲ್ಲಿ 3,600 ಗಾದೆಗಳ ಸಂಗ್ರಹ, 1881ರಲ್ಲಿ ನಿಘಂಟು ತಂದ. ಇಲ್ಲಿ ಮೆನ್ನರನ ತುಳು ನಿಘಂಟು ಬಂದದ್ದು 1886ರಲ್ಲಿ, ಕಿಟ್ಟೆಲನ ಕನ್ನಡ ನಿಘಂಟು 1894ರಲ್ಲಿ. ಒಂದು ವ್ಯತ್ಯಾಸ ದೊಡ್ಡದು. ಕಿಟ್ಟೆಲನ ಎದುರಿಗೆ ಸಾವಿರ ವರ್ಷದ ಬರಹದ ಕನ್ನಡವಿತ್ತು. ಅವನು ಕೇಶಿರಾಜನಂಥವರನ್ನು ಓದಿ ಪದ ತೆಗೆಯಬಹುದಿತ್ತು. ಕ್ರಿಸ್ಟಾಲರನಿಗೆ ಸಿಕ್ಕಿದ್ದು ಬಾಯಿಮಾತು ಮಾತ್ರ. ಆ ಬಾಯಿಮಾತಿನೊಳಗೆ ಗಾದೆ ಇತ್ತು, ವಂಶಾವಳಿ ಇತ್ತು, ಮಾತಿನ ಏರಿಳಿತವನ್ನೇ ಬಾರಿಸಿ ಸುದ್ದಿ ಹೇಳುವ ಜೋಡಿ ನಗಾರಿ ಇತ್ತು. ಅಕ್ಷರವಿಲ್ಲದ್ದಕ್ಕೆ ಸಾಹಿತ್ಯವಿಲ್ಲ ಎನ್ನುವವರು ತುಳು ಪಾಡ್ದನಗಳ ನಾಡಿನಲ್ಲಂತೂ ಇರಬಾರದು.

ನಾವು ನಾಚಬೇಕಾದ ಸಂಗತಿಯೂ ಒಂದಿದೆ. ಕಾರ್ಲ್ ಕ್ರಿಶ್ಚಿಯನ್ ರೈನ್‌ಡೋರ್ಫ್ ಎಂಬ ಗಾ ಜನಾಂಗದ ಬಾಸೆಲ್ ಮಿಶನ್ ಪಾದ್ರಿ ಇನ್ನೂರಕ್ಕಿಂತ ಹೆಚ್ಚು ಹಿರಿಯರನ್ನು ಕೇಳಿ ತಿಳಿದು ಗೋಲ್ಡ್ ಕೋಸ್ಟ್ ಮತ್ತು ಅಸಾಂಟೆಯ ಇತಿಹಾಸ ಬರೆದ. ಅದು 1895ರಲ್ಲೇ ಅಚ್ಚಾಯಿತು. ತನ್ನ ಜನರ ಚರಿತ್ರೆಯನ್ನು ತನ್ನವರ ಬಾಯಿಂದಲೇ ಕೇಳಿ ಬರೆದ ಕೃತಿ ಅದು. ನಮ್ಮಲ್ಲಿ ಅದೇ ಕಾಲದಲ್ಲಿ ನಿಘಂಟಿಗೆ, ಪಾಡ್ದನ ಸಂಗ್ರಹಕ್ಕೆ ಬೆನ್ನೆಲುಬಾದ ಸ್ಥಳೀಯರು ‘ಮುನ್ಶಿ’ಗಳಾಗಿ ಉಳಿದುಬಿಟ್ಟರು. ರೈನ್‌ಡೋರ್ಫನ ಸಾಲಿನಲ್ಲಿ ನಿಲ್ಲುವವರು ನಮ್ಮಲ್ಲಿ ಮುಂದಿನ ತಲೆಮಾರಿನ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದುಕೊಂಡೇ ಊರೂರು ಸುತ್ತಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು.

ಇನ್ನು ಕೊಕ್ಕೋ. ಈ ಬೆಳೆ ಘಾನಾಕ್ಕೆ ಬಂದ ಕಥೆಯನ್ನು ಮಿಶನ್ನಿನ ಲೆಕ್ಕಕ್ಕೆ ಬರೆಯುವವರಿದ್ದಾರೆ. 1850ರ ದಶಕದ ಕೊನೆಗೆ ಅಕ್ರೊಪೊಂಗಿನಲ್ಲಿ ಮಿಶನ್ ಗಿಡ ನೆಟ್ಟದ್ದು ನಿಜ, ಅದು ಕೈಹತ್ತಲಿಲ್ಲ. ಕೈಹತ್ತಿದ್ದು ಟೆಟೆ ಕ್ವಾರ್ಶಿ ಎಂಬ ಒಸುವಿನ ಕಮ್ಮಾರನಿಗೆ. ಕಸುಬು ಕಲಿತದ್ದು ಮಿಶನ್ನಿನ ಕೆಲಸದ ಮನೆಯಲ್ಲೇ, ಆದರೆ ದುಡಿಯಲು ಫರ್ನಾಂಡೊ ಪೊ ದ್ವೀಪಕ್ಕೆ ಹೋಗಿ 1870ರ ದಶಕದಲ್ಲಿ ಬೀಜ ತಂದು ಮಾಂಪೊಂಗ್ ಊರಿನಲ್ಲಿ ಬಿತ್ತಿದ್ದು ತನ್ನ ಬುದ್ಧಿಯಿಂದ. 1891ರ ಮೊದಲ ರಫ್ತು ಬರೀ 80 ಪೌಂಡು. ಇಪ್ಪತ್ತೇ ವರ್ಷಗಳಲ್ಲಿ, 1911ಕ್ಕೆ, ಜಗತ್ತಿನಲ್ಲೇ ಅತಿ ಹೆಚ್ಚು ಕೊಕ್ಕೋ ಬೆಳೆಯುವ ನಾಡು ಅದಾಗಿತ್ತು. ಬಿಳಿಯರ ಎಸ್ಟೇಟುಗಳಿಂದಾದ ಪವಾಡವಲ್ಲ ಇದು. ಪಾಲಿ ಹಿಲ್ ಎಂಬ ಅರ್ಥಶಾಸ್ತ್ರಜ್ಞೆ 1963ರಲ್ಲಿ ಪುಸ್ತಕ ಬರೆದು ತೋರಿಸಿದ ಹಾಗೆ, ಗುಡ್ಡದೂರುಗಳ ರೈತರು ಗುಂಪು ಕಟ್ಟಿಕೊಂಡು, ದುಡ್ಡು ಹೊಂದಿಸಿ, ದೂರದ ಕಾಡುನೆಲ ಕೊಂಡು ವಲಸೆ ಹೋಗಿ ಮಾಡಿದ ಸಾಗುವಳಿ. 1937–38ರಲ್ಲಿ ಯುರೋಪಿನ ಕಂಪನಿಗಳು ಒಳಒಪ್ಪಂದ ಮಾಡಿಕೊಂಡು ಧಾರಣೆ ಇಳಿಸಿದಾಗ ಇದೇ ರೈತರು ತಿಂಗಳುಗಟ್ಟಲೆ ಒಂದು ಮೂಟೆಯನ್ನೂ ಮಾರದೆ ಕೂತರು.

ಕಂಪನಿಗಳು ಕೈಕೊಡುವುದು ದಕ್ಷಿಣ ಕನ್ನಡದ ಅಡಿಕೆ ತೋಟದವರಿಗೂ ಗೊತ್ತು. 1970ರ ದಶಕದಲ್ಲಿ ಕಂಪನಿಗಳು ತೋಟದ ನಡುವೆ ಕೊಕ್ಕೋ ನೆಡಿಸಿ, ದಶಕ ಮುಗಿಯುವ ಹೊತ್ತಿಗೆ ಕೊಳ್ಳದೆ ಕೈಬಿಟ್ಟಾಗ ಖರೀದಿಗೆ ಇಳಿದದ್ದು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. 2024ರಲ್ಲಿ ಘಾನಾ, ಐವರಿ ಕೋಸ್ಟ್‌ಗಳ ಬೆಳೆ ರೋಗಕ್ಕೆ, ಹವೆಗೆ ಸಿಕ್ಕಿ ಕುಸಿದು, ಮಾರ್ಚ್‌ನಲ್ಲಿ ಜಾಗತಿಕ ಧಾರಣೆ ಟನ್ನಿಗೆ 10,000 ಡಾಲರ್ ದಾಟಿದಾಗ ಪುತ್ತೂರು, ಸುಳ್ಯದವರು ಹಸಿ ಬೀಜಕ್ಕೆ ಹಿಂದೆಂದೂ ಕಾಣದ ಬೆಲೆ ಕಂಡರು. ವಿಚಿತ್ರವೆಂದರೆ ಘಾನಾದ ರೈತನಿಗೆ ಆ ಬೆಲೆ ಸಿಗಲಿಲ್ಲ. ಅಲ್ಲಿ ಸರಕಾರದ ಕೊಕ್ಕೋ ಮಂಡಳಿ ಬೆಳೆಯನ್ನು ಮುಂಗಡವಾಗಿ ಮಾರಿ, ಋತುವಿಗೊಂದು ದರ ಕಟ್ಟುತ್ತಿತ್ತು. ಬ್ರಿಟಿಷರು 1947ರಲ್ಲಿ ಹಾಕಿಕೊಟ್ಟ ಏರ್ಪಾಡು ಅದು.

ಗೇರುಬೀಜದ್ದೂ ಹೀಗೇ. ನಮ್ಮ ಗುಡ್ಡಗಳ ಬೀಜ ಇಲ್ಲಿನ ಫ್ಯಾಕ್ಟರಿಗಳಿಗೆ ವರ್ಷಪೂರ್ತಿ ಸಾಲದು. ಪಣಂಬೂರಿನ ನವಮಂಗಳೂರು ಬಂದರಿಗೆ ಬಂದಿಳಿಯುವ ಹಸಿಗೇರಿನಲ್ಲಿ ಪಶ್ಚಿಮ ಆಫ್ರಿಕದ್ದು ದೊಡ್ಡ ಪಾಲು. ಐವರಿ ಕೋಸ್ಟ್, ಬೆನಿನ್, ಗಿನಿ ಬಿಸಾವು, ಘಾನಾ ಎಲ್ಲ ಇವೆ ಅದರಲ್ಲಿ. ಬ್ರೆಜಿಲಿನ ಆ ಮರವನ್ನು ಎರಡೂ ದಡಗಳಿಗೆ ಮುಟ್ಟಿಸಿದ್ದು ಪೋರ್ಚುಗೀಸ್ ಹಡಗು. ಫಳ್ನೀರಿನ ಬೇಕರಿಯಿಂದ ತಂದ ಡಬ್ಬಿಯ ತಿರುಳು ಯಾವ ದಡದ್ದೆಂದು ತಿಂದವರಿಗೆ ತಿಳಿಯುವುದಿಲ್ಲ.

ಮಿಶನ್ನಿನ ವ್ಯಾಪಾರಕ್ಕೆ 1859ರಿಂದ ಎರಡು ಖಂಡಗಳಿಗೂ ಒಂದೇ ಕಂಪನಿ ಇತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನರೆಂಬ ಕಾರಣಕ್ಕೆ ಎರಡು ಕಡೆಯಿಂದಲೂ ಮಿಶನರಿಗಳನ್ನು ಹೊರಹಾಕಿದ ಬ್ರಿಟಿಷರು ಜೆಪ್ಪುವಿನ ಹಂಚಿನ ಕಾರ್ಖಾನೆಯನ್ನೂ ಅಕ್ರಾದ ಮಳಿಗೆಗಳನ್ನೂ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಒಂದೇ ಸಂಸ್ಥೆಯ ಕೈಗೆ ಕೊಟ್ಟರು. ಎರಡನೆಯ ಯುದ್ಧದಲ್ಲಿ ಗೋಲ್ಡ್ ಕೋಸ್ಟಿನ ಸೈನಿಕರು ಭಾರತಕ್ಕೆ ಬಂದು, ಇಲ್ಲಿಂದ ಬರ್ಮಾದ ಕಾಡಿಗೆ ಹೋಗಿ ಜಪಾನಿಯರೊಡನೆ ಹೋರಾಡಿದರು. ಊರಿಗೆ ಮರಳಿದ ಆ ಮಾಜಿ ಸೈನಿಕರು 1948ರ ಫೆಬ್ರವರಿ 28ರಂದು ಬಾಕಿ ಸವಲತ್ತು ಕೇಳಲು ಕ್ರಿಸ್ಟಿಯಾನ್ಸ್‌ಬೋರ್ಗ್ ಕೋಟೆಗೆ ಮೆರವಣಿಗೆ ಹೊರಟಾಗ ಪೊಲೀಸರ ಗುಂಡಿಗೆ ಮೂವರು ಸತ್ತರು. ಅಲ್ಲಿಂದ ಹೊತ್ತಿದ ಬೆಂಕಿ ಎನ್‌ಕ್ರುಮಾನನ್ನು ಮುಂದಕ್ಕೆ ತಂದಿತು. ಗಾಂಧಿಯ ಅಸಹಕಾರವನ್ನು ಓದಿಕೊಂಡಿದ್ದ ಅವನು 1950ರಲ್ಲಿ ಅಹಿಂಸಾತ್ಮಕ ಮುಷ್ಕರಕ್ಕೆ ಕರೆಕೊಟ್ಟು ಜೈಲಿಗೆ ಹೋದ. 1957ರ ಮಾರ್ಚ್ 6ರಂದು ಸಹಾರದ ದಕ್ಷಿಣದಲ್ಲಿ ಯುರೋಪಿನ ಆಳ್ವಿಕೆಯಿಂದ ಬಿಡುಗಡೆಗೊಂಡ ಮೊದಲ ವಸಾಹತಾಗಿ ಘಾನಾ ಹುಟ್ಟಿತು. ಮುಂದೆ ಎನ್‌ಕ್ರುಮಾ ಸರ್ವಾಧಿಕಾರದ ಕಡೆ ವಾಲಿದ್ದು, 1966ರಲ್ಲಿ ಸೇನೆ ಅವನನ್ನು ಉರುಳಿಸಿದ್ದು, ಬಂಡಾಯದ ಮೇಲೆ ಬಂಡಾಯವಾಗಿ 1992ರ ಸಂವಿಧಾನದಿಂದ ಚುನಾವಣೆ ನೆಲೆಗೊಂಡದ್ದು ಬೇರೆಯೇ ಲೇಖನ ಬೇಡುವ ಸಂಗತಿಗಳು. ಆ ಸಂವಿಧಾನದಡಿ ಅಧಿಕಾರ ಹಲವು ಸಲ ಪಕ್ಷದಿಂದ ಪಕ್ಷಕ್ಕೆ ಶಾಂತವಾಗಿ ದಾಟಿದೆ.

ಅಕ್ರಾದ ವಿಶ್ವವಿದ್ಯಾಲಯದ ಆವರಣದಲ್ಲಿ 2016ರಲ್ಲಿ ನಿಲ್ಲಿಸಿದ ಗಾಂಧಿ ಪ್ರತಿಮೆಯನ್ನು 2018ರಲ್ಲಿ ತೆಗೆದರು. ದಕ್ಷಿಣ ಆಫ್ರಿಕದ ಮೊದಲ ವರ್ಷಗಳಲ್ಲಿ ಗಾಂಧಿ ಕರಿಯರ ಬಗ್ಗೆ ಬರೆದ ಮಾತುಗಳನ್ನು ಅಲ್ಲಿನ ಅಧ್ಯಾಪಕರು ಓದಿದ್ದರು. ಪ್ರತಿಭಟನೆಗೆ ಅದೇ ಕಾರಣ. ನಾವು ಅವರ ಬಗ್ಗೆ ಅಷ್ಟು ಓದಿಲ್ಲ ಎಂಬುದೇ ನನ್ನ ತಕರಾರು. ಬಾಸೆಲಿನ ಮಿಶನ್ ಪತ್ರಾಗಾರದಲ್ಲಿ ಮಂಗಳೂರಿನ ಫೋಟೊಗಳೂ ಅಕ್ರೊಪೊಂಗಿನ ಫೋಟೊಗಳೂ ಒಂದೇ ಸೂರಿನಡಿ ಇವೆ. ಬಲ್ಮಠದ ಕರ್ನಾಟಕ ತಿಯಾಲಾಜಿಕಲ್ ಕಾಲೇಜಿನ ಸಂಗ್ರಹ ಫಳ್ನೀರಿನಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಕನ್ನಡ ವಿಭಾಗದವರು ಮೊದಲು ರೈನ್‌ಡೋರ್ಫನ ಪುಸ್ತಕವನ್ನು ಕನ್ನಡಕ್ಕೆ ತರಲಿ. ಆಮೇಲೆ ಘಾನಾದ ಸಂಶೋಧಕರನ್ನು ಇಲ್ಲಿಗೆ ಕರೆಸಿ ಎರಡು ಕರಾವಳಿಗಳ ಕಾಗದಪತ್ರಗಳನ್ನು ಒಟ್ಟಿಗೆ ಕೂತು ಓದಲಿ.